ಬಾಯಿಗೆ ಮೂರು ಬೆರಳು

ಓದೋಕೆ ಮುಂಚೆ ಒಂದು ಕೆಲಸ ಮಾಡಿ. ಕೈ ತೊಳೆದುಕೊಂಡು ಬನ್ನಿ. ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಒತ್ತಾಗಿ ಸೇರಿಸಿ, ಒಂದರ ಮೇಲೊಂದು ಬರುವ ಹಾಗೆ ಕೈ ತಿರುಗಿಸಿ. ಈಗ ಬಾಯಿ ಚೆನ್ನಾಗಿ ತೆರೆದು, ಮೇಲಿನ ಮುಂಬಲ್ಲಿಗೂ ಕೆಳಗಿನ ಮುಂಬಲ್ಲಿಗೂ ನಡುವೆ ಆ ಮೂರು ಬೆರಳನ್ನು ಇಟ್ಟು ನೋಡಿ. ಹಿಡಿಸಿತಾ? ಹೆಚ್ಚಿನವರಿಗೆ ಅವರವರ ಮೂರು ಬೆರಳು ಅವರವರ ಬಾಯಿಗೆ ಹಿಡಿಸುತ್ತವೆ. ದೊಡ್ಡವರಲ್ಲಿ ಇದು ಸುಮಾರು 35ರಿಂದ 50 ಮಿಲಿಮೀಟರ್. ಹಲ್ಲಿನ ಡಾಕ್ಟರು ಸ್ಕೇಲು ಹಿಡಿದು ಅಳೆಯುವುದೂ ಇದನ್ನೇ.

ಈ ಅಳತೆ ನನಗೆ ಗೊತ್ತಾದದ್ದು ತಡವಾಗಿ. ಕೆಲವು ವರ್ಷಗಳ ಹಿಂದೆ ನನ್ನ ಕ್ಲಾಸಿನಲ್ಲಿ ಒಂಬತ್ತನೇ ತರಗತಿಯ ಒಬ್ಬ ಹುಡುಗ ಇದ್ದ. ಹೆಸರೂ ಬೇಡ, ಊರೂ ಬೇಡ. ಮಧ್ಯಾಹ್ನದ ಊಟಕ್ಕೆ ಕೂತರೆ ಸಾರು ಬೇಡ ಅಂತ ಪಕ್ಕದವನಿಗೆ ಕೊಟ್ಟುಬಿಡೋನು. "ಖಾರ ಆಗಲ್ಲ ಸಾರ್, ಉರಿ ಉರಿ ಅಂತದೆ" ಅನ್ನೋನು. ಮೊಟ್ಟೆ ಕೊಟ್ಟ ದಿನ ಅದನ್ನು ಬೆರಳಲ್ಲೇ ನಾಲ್ಕು ಚೂರು ಮಾಡಿ ತಿನ್ನೋನು. ನಾನು, ಇವನಿಗೆ ಊಟದಲ್ಲಿ ಬಹಳ ನಾಜೂಕು ಅಂದುಕೊಂಡು ಎರಡು ಸಲ ಬೈದೆ. ಒಂದು ದಿನ ಪಾಠ ಓದಿಸುವಾಗ ಬಾಯಿ ಪೂರ್ತಿ ತೆರೆಯದೆ, ಹಲ್ಲು ಕಚ್ಚಿಕೊಂಡೇ ಓದುತ್ತಿದ್ದಾನೆ ಅನ್ನಿಸಿತು. ಹತ್ತಿರ ಕರೆದು ಬಾಯಿ ತೆಗಿಯಪ್ಪಾ ಅಂದೆ. ಎರಡು ಬೆರಳೂ ಸರಿಯಾಗಿ ಹಿಡಿಸಲಿಲ್ಲ. ಕೆನ್ನೆಯ ಒಳಭಾಗ ಕೆಂಪಗಿರಬೇಕಾದದ್ದು ಬೂದಿ ಬಳಿದ ಹಾಗೆ ಬೆಳ್ಳಗಿತ್ತು. ಆರನೇ ಕ್ಲಾಸಿನಿಂದ ದಿನಕ್ಕೆ ಎರಡು ಮೂರು ಪಾಕೀಟು ಗುಟ್ಕಾ ಹಾಕುತ್ತಿದ್ದನಂತೆ. ಮೊದಲನೇ ಪಾಕೀಟು ಬಂದದ್ದು ಹೇಗೆ ಅಂತ ಕೇಳಿದೆ. ಅಪ್ಪನಿಗೆ ತರೋಕೆ ಅಂಗಡಿಗೆ ಹೋದಾಗ ಉಳಿದ ಚಿಲ್ಲರೆಯಲ್ಲಿ ತನಗೂ ಒಂದು ಹರಿದುಕೊಂಡಿದ್ದ, ಅಷ್ಟೇ.

ಆ ಕಾಯಿಲೆಗೆ ಡಾಕ್ಟರು ಹೇಳುವ ಹೆಸರು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. ಬಾಯೊಳಗಿನ ತೊಗಲಿನ ಕೆಳಪದರ ನಾರುಗಟ್ಟುವುದು ಅಂತ ಅರ್ಥ. ನಮ್ಮ ಕೆನ್ನೆಯ ಒಳಗಡೆ ಮೆತ್ತಗೆ, ಹಿಗ್ಗುವ ಹಾಗೆ ಇರುತ್ತದಲ್ಲ, ಅದಕ್ಕೆ ಕಾರಣ ಆ ಪದರದಲ್ಲಿ ನಾರು ಹದವಾಗಿರುವುದು. ಕೊಲಾಜೆನ್ ಎಂಬ ಪ್ರೋಟೀನಿನ ಆ ನಾರು ದಿನಾ ಸ್ವಲ್ಪ ಹುಟ್ಟುತ್ತದೆ, ಸ್ವಲ್ಪ ಕರಗುತ್ತದೆ. ಅಡಿಕೆಯಲ್ಲಿ ಅರೆಕೋಲೀನ್ ಎಂಬ ರಾಸಾಯನಿಕ ಇದೆ. ಅದು ನಾರು ನೇಯುವ ಜೀವಕೋಶಗಳನ್ನು ಕೆಣಕಿ ಹೆಚ್ಚು ಹೆಚ್ಚು ನೇಯಿಸುತ್ತದೆ. ಅಡಿಕೆಯಲ್ಲಿ ತಾಮ್ರದ ಅಂಶವೂ ಹೆಚ್ಚು. ನಾರನ್ನು ಒಂದಕ್ಕೊಂದು ಹೆಣೆಯುವ ಕಿಣ್ವಕ್ಕೆ ಕೆಲಸ ಮಾಡಲು ಬೇಕಾಗುವುದೂ ತಾಮ್ರವೇ. ಹೀಗೆ ಹುಟ್ಟುವುದು ಹೆಚ್ಚಾಗಿ, ಹೆಣಿಗೆ ಬಿಗಿಯಾಗಿ, ಕರಗುವುದು ಕಡಿಮೆಯಾಗುತ್ತದೆ. ರಾಯದುರ್ಗದ ಕಡೆಯವರಿಗೆ ಹೇಳಬೇಕಂದರೆ, ನಿಕ್ಕರಿನ ಸೊಂಟಕ್ಕೆ ಎಲಾಸ್ಟಿಕ್ ಇದ್ದ ಜಾಗದಲ್ಲಿ ಜೀನ್ಸ್ ಬಟ್ಟೆ ಹೊಲಿದುಬಿಟ್ಟ ಹಾಗೆ. ಹಿಗ್ಗುವುದಿಲ್ಲ.

ಮೊದಲ ಲಕ್ಷಣ ನೋವಲ್ಲ, ಖಾರ ತಡೆಯದಿರುವುದು. ಆಮೇಲೆ ಬಾಯಿ ಹುಣ್ಣು, ಬಿಳಿಚುವುದು, ನಾಲಿಗೆ ಹೊರಕ್ಕೆ ಚಾಚಲಾಗದಿರುವುದು, ಕೊನೆಗೆ ಬಾಯಿ ಚಿಕ್ಕದಾಗುವುದು. ಹೀಗೆ ನಾರುಗಟ್ಟಿದ್ದು ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಬಿಟ್ಟರೆ ಮುಂದಕ್ಕೆ ಬೆಳೆಯುವುದು ನಿಲ್ಲಬಹುದು. ಬೇಗ ಬಿಟ್ಟಷ್ಟೂ ಉಳಿಯುವ ಬಾಯಿ ದೊಡ್ಡದು. ಬಿಡದಿದ್ದರೆ? ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಈ ಕಾಯಿಲೆಯ 66 ಜನರನ್ನು 17 ವರ್ಷಗಳ ಅವಧಿಯಲ್ಲಿ ಗಮನಿಸುತ್ತಾ ಬಂದ ಅಧ್ಯಯನ 1985ರಲ್ಲಿ ಪ್ರಕಟವಾಯಿತು. ಅವರಲ್ಲಿ 5 ಜನಕ್ಕೆ ಬಾಯಿ ಕ್ಯಾನ್ಸರ್ ಬಂದಿತ್ತು.

"ನಮ್ಮ ಅಜ್ಜಿ ಎಪ್ಪತ್ತು ವರ್ಷ ಎಲೆ ಅಡಿಕೆ ಹಾಕಿದಳು, ಏನೂ ಆಗಲಿಲ್ಲ" ಅಂತ ನಿಮ್ಮಲ್ಲಿ ಯಾರಾದರೂ ಹೇಳಿಯೇ ಹೇಳುತ್ತೀರಿ. ನನಗೂ ಅಂಥಾ ಅಜ್ಜಿ ಇದ್ದಳು. ಆದರೆ ಪಾಕೀಟು ಬೇರೆ, ಎಲೆ ಅಡಿಕೆ ಬೇರೆ. 1996ರಲ್ಲಿ ಪ್ರಕಟವಾದ ಹೈದರಾಬಾದಿನ ಒಂದು ಅಧ್ಯಯನದಲ್ಲಿ, ಎಲೆಯ ಜೊತೆ ಅಡಿಕೆ ಹಾಕುವವರಿಗೆ ಈ ಕಾಯಿಲೆ ಕಾಣಿಸಿಕೊಳ್ಳಲು ಸರಾಸರಿ ಎಂಟೂವರೆ ವರ್ಷ ಹಿಡಿದಿದ್ದರೆ, ಗುಟ್ಕಾ ಹಾಕುವವರಿಗೆ ಹಿಡಿದದ್ದು ಮೂರು ವರ್ಷಕ್ಕೂ ಕಡಿಮೆ. ಪಾಕೀಟಿನಲ್ಲಿ ಒಣಗಿಸಿದ ಅಡಿಕೆಯ ಚೂರು ಒತ್ತಾಗಿರುತ್ತದೆ, ಎಲೆ ಇರುವುದಿಲ್ಲ. ಲೆಕ್ಕ ಹಾಕಿ ನೋಡಿ. ಏಳನೇ ಕ್ಲಾಸಿನಲ್ಲಿ ಶುರು ಮಾಡಿದವನಿಗೆ ಹತ್ತನೇ ಕ್ಲಾಸಿನ ಪರೀಕ್ಷೆ ಹೊತ್ತಿಗೆ.

ಅಜ್ಜಿಯ ಎಲೆ ಅಡಿಕೆಗೂ ಪೂರ್ತಿ ಮಾಫಿ ಇಲ್ಲ, ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಸೇರಿಸದ ಬರೀ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಹಾಗಾಗಿ "ಇದರಲ್ಲಿ ತಂಬಾಕು ಇಲ್ಲ, ಸಿಹಿ ಅಡಿಕೆ, ಬರೀ ಪಾನ್ ಮಸಾಲಾ" ಅನ್ನುವ ಮಾತಿಗೆ ಬೆಲೆ ಇಲ್ಲ. ಬಾಯಿ ಮುಚ್ಚಿಸುವುದು ಹೊಗೆಸೊಪ್ಪಿಗಿಂತ ಹೆಚ್ಚಾಗಿ ಅಡಿಕೆಯೇ. ಮಡಕಶಿರಾ, ಅಮರಾಪುರಂ ಕಡೆಯ ಅಡಿಕೆ ತೋಟದ ಮನೆಗಳ ಮಕ್ಕಳೂ ಇದನ್ನು ಓದುತ್ತಿದ್ದೀರಿ. ನಿಮ್ಮ ಫೀಸು, ಪುಸ್ತಕ ಬರುವುದು ಅದೇ ತೋಟದಿಂದ. ಬೆಳೆಯುವ ರೈತನನ್ನು ಬೈಯುವುದು ನನ್ನ ಉದ್ದೇಶ ಅಲ್ಲ. ಆದರೆ ಸುಲಿಯುವ ಕಣದಲ್ಲಿ ಕೂತು ಒಂದೊಂದೇ ಚೂರು ಬಾಯಿಗೆ ಹಾಕಿಕೊಳ್ಳುವ ಅಭ್ಯಾಸ ನಿಮಗೆ ಬೇಡ.

ಇನ್ನು ಹೊಗೆಸೊಪ್ಪಿನ ಕೆಲಸ ಏನು? ಅದು ಬಿಡದ ಹಾಗೆ ಮಾಡುವುದು. ಹೊಗೆಸೊಪ್ಪಿನ ಗಿಡ ತನ್ನ ಬೇರಿನಲ್ಲಿ ನಿಕೋಟಿನ್ ತಯಾರಿಸಿ ಎಲೆಗೆ ಕಳಿಸುತ್ತದೆ. ಯಾಕೆ? ಹುಳ ತಿನ್ನದಿರಲಿ ಅಂತ. ಹಿಂದಿನ ರೈತರು ಹೊಗೆಸೊಪ್ಪು ಕುದಿಸಿದ ಕಷಾಯವನ್ನು ಗಿಡಕ್ಕೆ ಹೊಡೆಯುತ್ತಿದ್ದರು. ಈಗ ನಿಮ್ಮ ಅಪ್ಪ ಶೇಂಗಾ ಬೀಜಕ್ಕೆ ಸವರುವ ಇಮಿಡಾಕ್ಲೋಪ್ರಿಡ್ ಇದೆಯಲ್ಲ, ಆ ಔಷಧಿಗಳ ಗುಂಪಿಗೆ ನಿಯೋನಿಕೋಟಿನಾಯ್ಡ್, ಅಂದರೆ ಹೊಸ ನಿಕೋಟಿನ್ ಜಾತಿಯವು, ಅಂತಲೇ ಹೆಸರು. ನರದಿಂದ ನರಕ್ಕೆ ಸುದ್ದಿ ದಾಟಿಸುವ ಅಸಿಟೈಲ್‌ಕೋಲೀನ್ ಎಂಬ ವಸ್ತುವಿಗೆ ಮೀಸಲಾದ ಬೀಗಗಳು ಹುಳುವಿನ ನರದಲ್ಲೂ ಇವೆ, ನಮ್ಮ ಮಿದುಳಲ್ಲೂ ಇವೆ. ನಿಕೋಟಿನ್ ಆ ಬೀಗಗಳಿಗೆ ಕಳ್ಳ ಕೀಲಿ.

ಕಳ್ಳ ಕೀಲಿ ಒಳಗೆ ಹೋಗಲು ಸುಣ್ಣ ಸಹಾಯ ಮಾಡುತ್ತದೆ. ಇದನ್ನು ಆಮ್ಲ-ಪ್ರತ್ಯಾಮ್ಲದ ಪಾಠ ಓದಿದವರು ಅರ್ಥ ಮಾಡಿಕೊಳ್ಳಬಹುದು. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಗಾಗುತ್ತದೆ, ಆರತಿ ತಟ್ಟೆಯಲ್ಲಿ ನೋಡಿರುತ್ತೀರಿ. ಸುಣ್ಣ ಪ್ರತ್ಯಾಮ್ಲ ಅನ್ನುವುದಕ್ಕೆ ಅದೇ ಸಾಕ್ಷಿ. ನಮ್ಮ ಜೊಲ್ಲು ಹೆಚ್ಚುಕಡಿಮೆ ತಟಸ್ಥ. ಅದರಲ್ಲಿ ನಿಕೋಟಿನಿನ ಹೆಚ್ಚಿನ ಅಣುಗಳು ಒಂದು ಹೈಡ್ರೋಜನ್ ಅಯಾನನ್ನು ಹೊತ್ತುಕೊಂಡು ವಿದ್ಯುದಾವೇಶ ಹೊಂದಿರುತ್ತವೆ. ಜೀವಕೋಶದ ಪೊರೆ ಎಣ್ಣೆಯ ಗುಣದ್ದು, ಆವೇಶ ಇರುವ ಅಣುವನ್ನು ಸುಲಭಕ್ಕೆ ಬಿಟ್ಟುಕೊಳ್ಳದು. ಸುಣ್ಣ ಬಿದ್ದರೆ ಪಿಹೆಚ್ ಏರಿ, ಅಣು ಆ ಹೊರೆಯನ್ನು ಇಳಿಸುತ್ತದೆ. ಪಿಹೆಚ್ 8ರ ಹತ್ತಿರ ಅರ್ಧಕ್ಕರ್ಧ ಅಣುಗಳು ಆವೇಶ ಕಳೆದುಕೊಂಡು ಪೊರೆ ದಾಟಿ ರಕ್ತಕ್ಕೆ ಇಳಿಯುತ್ತವೆ. ಅಂಗೈಯಲ್ಲಿ ಹೊಗೆಸೊಪ್ಪು, ಸುಣ್ಣ ತಿಕ್ಕುವ ದೊಡ್ಡವರಿಗೆ ಈ ರಸಾಯನಶಾಸ್ತ್ರ ಗೊತ್ತಿಲ್ಲ. ಸುಣ್ಣ ಹಾಕಿದರೆ "ಚುರುಕು" ಅನ್ನುವುದು ಮಾತ್ರ ಗೊತ್ತು. ಬೀಡಿ, ಸಿಗರೇಟಿನಲ್ಲಿ ದಾರಿ ಬೇರೆ. ಶ್ವಾಸಕೋಶದಿಂದ ಹತ್ತಿಪ್ಪತ್ತು ಸೆಕೆಂಡಿಗೆ ಮಿದುಳು ಮುಟ್ಟುತ್ತದೆ.

ಮುಟ್ಟಿದ ಮೇಲೆ ಡೋಪಮೈನ್ ಎಂಬುದು ಚಿಮ್ಮುತ್ತದೆ. ಹಸಿದಾಗ ಮುದ್ದೆ ಕಂಡರೂ, ಕಬಡ್ಡಿ ಗೆದ್ದರೂ ಚಿಮ್ಮುವುದು ಅದೇ. "ಇದನ್ನು ಇನ್ನೊಮ್ಮೆ ಮಾಡು" ಎಂದು ಮಿದುಳಿಗೆ ಕಲಿಸುವ ವಸ್ತು ಅದು. ಪದೇ ಪದೇ ಕಳ್ಳ ಕೀಲಿ ಬಂದರೆ ಮಿದುಳು ಬೀಗಗಳ ಸಂಖ್ಯೆಯನ್ನೇ ಹೆಚ್ಚಿಸಿಕೊಳ್ಳುತ್ತದೆ. ಆಮೇಲೆ ನಿಕೋಟಿನ್ ಸಿಗದ ಹೊತ್ತಿನಲ್ಲಿ ಅಷ್ಟೂ ಬೀಗ ಖಾಲಿ ನಿಂತು ಸಿಟ್ಟು, ತಲೆನೋವು, ಪಾಠದ ಮೇಲೆ ಗಮನ ನಿಲ್ಲದಿರುವುದು ಎಲ್ಲಾ ಶುರುವಾಗುತ್ತವೆ. ಒಂದು ಪಾಕೀಟು ಹಾಕಿದರೆ ಸಮಾಧಾನ. "ಟೆನ್ಷನ್ ಕಡಿಮೆ ಆಗ್ತದೆ ಸಾರ್" ಅನ್ನುತ್ತಾರಲ್ಲ, ಆ ಟೆನ್ಷನ್ ತಂದದ್ದೂ ಬಹುಪಾಲು ಹಿಂದಿನ ಪಾಕೀಟೇ.

ನಿಮ್ಮ ವಯಸ್ಸಿನಲ್ಲಿ ಇದು ಇನ್ನೂ ಗಟ್ಟಿ. ಖುಷಿ, ಆಸೆ, ಗೆಳೆಯರ ಮುಂದೆ ಮೆರೆಯುವುದು, ಇವುಗಳ ಮಿದುಳಿನ ಭಾಗ ಹದಿಮೂರು ಹದಿನಾಲ್ಕಕ್ಕೇ ಜೋರಾಗುತ್ತದೆ. "ತಡಿ, ಯೋಚನೆ ಮಾಡು" ಅನ್ನುವ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿಗೆ. ಎತ್ತು ಬಲಿತಿದೆ, ಮೂಗುದಾರ ಇನ್ನೂ ಹೊಸೆಯುತ್ತಿದ್ದಾರೆ. ಇದು ನಿಮ್ಮ ತಪ್ಪಲ್ಲ, ಬೆಳವಣಿಗೆಯ ಕ್ರಮ. ಅಂಥಾ ಹೊತ್ತಿನಲ್ಲಿ ಕಲಿತದ್ದು, ಒಳ್ಳೆಯದಾದರೂ ಕೆಟ್ಟದ್ದಾದರೂ, ಆಳಕ್ಕೆ ಇಳಿಯುತ್ತದೆ. ಭಾರತದಲ್ಲಿ 2019ರಲ್ಲಿ 13ರಿಂದ 15 ವಯಸ್ಸಿನ ಶಾಲಾ ಮಕ್ಕಳ ಸಮೀಕ್ಷೆ ನಡೆಯಿತು. ನೂರಕ್ಕೆ 8.5 ಮಕ್ಕಳು ಯಾವುದೋ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಅಗಿಯುವ ತಂಬಾಕು ಹಾಕುತ್ತಿದ್ದವರಲ್ಲಿ ಅರ್ಧದಷ್ಟು ಮಂದಿ ಹತ್ತು ವರ್ಷ ತುಂಬುವುದಕ್ಕೆ ಮೊದಲೇ ಶುರು ಮಾಡಿದ್ದರು. ನಾಲ್ಕನೇ ಐದನೇ ಕ್ಲಾಸು! ತಿರುಗಿಸಿ ಓದಿದರೆ, ನೂರಕ್ಕೆ ತೊಂಬತ್ತೊಂದು ಮಕ್ಕಳು ಮುಟ್ಟುತ್ತಿಲ್ಲ ಅಂತಲೂ ಆಯಿತು. "ಎಲ್ಲಾರೂ ಹಾಕ್ತಾರೆ" ಅನ್ನುವ ಗೆಳೆಯನಿಗೆ ಈ ಲೆಕ್ಕ ಹೇಳಿ.

ಉಳಿದವುಗಳ ಬಗ್ಗೆ ಎರಡೇ ಮಾತು. ಹೆಂಡ, ಸಾರಾಯಿ, ಗಾಂಜಾ ಬೇರೆ ಬೇರೆ ಬೀಗ ತೆಗೆದರೂ ಕೊನೆಗೆ ತಟ್ಟುವುದು ಇದೇ ಡೋಪಮೈನಿನ ಬಾಗಿಲನ್ನು. ಗಾಂಜಾ ನೆನಪಿನ ಶಕ್ತಿಯನ್ನು ಕೆಡಿಸುತ್ತದೆ. ಪಂಕ್ಚರ್ ಸಲ್ಯೂಷನ್, ವೈಟ್ನರ್ ಮೂಸುವುದು ಎಲ್ಲಕ್ಕಿಂತ ಅಪಾಯ. ಅದರ ಆವಿಗೆ ಹೃದಯದ ಬಡಿತ ತಪ್ಪಿ ಮೊದಲನೇ ಸಲವೇ ಪ್ರಾಣ ಹೋಗಬಹುದು. ಯಾರಾದರೂ ಮೂಸುವುದು ಕಂಡರೆ ಓಡಿಸಿಕೊಂಡು ಹೋಗಬೇಡಿ, ಹೆದರಿಸಬೇಡಿ, ದೊಡ್ಡವರನ್ನು ಕರೆಯಿರಿ. ಆ ಹೊತ್ತಿನಲ್ಲಿ ಗಾಬರಿಯಿಂದ ಓಡುವುದೇ ಹೃದಯಕ್ಕೆ ಕುತ್ತು.

ಮತ್ತೆ ಆ ಹುಡುಗನ ಕಡೆ ಬರುತ್ತೇನೆ. ವಿಷಯ ತಿಳಿದ ದಿನ ಅವನಪ್ಪ ಬೆಲ್ಟು ತೆಗೆದುಕೊಂಡರು. ಮೂರು ದಿನ ಹುಡುಗ ಸ್ಕೂಲಿಗೆ ಬರಲಿಲ್ಲ. ಆ ಮೂರು ದಿನದಲ್ಲಿ ಅವನು ಕಲಿತದ್ದು ಪಾಕೀಟನ್ನು ಇನ್ನೂ ಚೆನ್ನಾಗಿ ಬಚ್ಚಿಡುವುದನ್ನು. ನಾನು ಮನೆಗೆ ಹೋದಾಗ ಅಪ್ಪ ಜಗಲಿ ಮೇಲೆ ಕೂತು ಅಂಗೈಯಲ್ಲಿ ತಿಕ್ಕುತ್ತಲೇ "ಇವನಿಗೆ ಬುದ್ಧಿ ಹೇಳಿ ಸಾರ್" ಅಂದರು. ನನಗೆ ನಗು ಬರಲಿಲ್ಲ. ಅವರಿಗೂ ಹನ್ನೆರಡನೇ ವಯಸ್ಸಿಗೇ ಯಾರೋ ಕೊಟ್ಟಿದ್ದರಂತೆ.

ಇಲ್ಲಿಂದ ಮುಂದಿನದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ. ನಮ್ಮ ಗಡಿಯ ಮನೆಗಳಲ್ಲಿ ಮಾತು ಕನ್ನಡ ಆದರೂ ದೊಡ್ಡವರಲ್ಲಿ ಎಷ್ಟೋ ಜನ ಓದಿದ್ದು ತೆಲುಗು, ಇನ್ನು ಕೆಲವರು ಓದಿಯೇ ಇಲ್ಲ. ನೀವೇ ಓದಿ ಹೇಳಬೇಕು.

ಅಪ್ಪ, ಅಮ್ಮ, ಮೊದಲನೆಯದು, ಮಕ್ಕಳನ್ನು ಬೀಡಿ, ಗುಟ್ಕಾ, ಹೊಗೆಸೊಪ್ಪು ತರಲು ಅಂಗಡಿಗೆ ಕಳಿಸಬೇಡಿ. 2003ರ ತಂಬಾಕು ಕಾಯಿದೆ ಪ್ರಕಾರ 18 ತುಂಬದವರಿಗೆ ಮಾರುವುದೂ, ಶಾಲೆಯಿಂದ 100 ಗಜದೊಳಗೆ ಮಾರುವುದೂ ತಪ್ಪು. 2015ರ ಬಾಲನ್ಯಾಯ ಕಾಯಿದೆಯ 77ನೇ ಕಲಮಿನ ಪ್ರಕಾರ ಮಗುವಿಗೆ ತಂಬಾಕು ಅಥವಾ ಮಾದಕ ವಸ್ತು ಕೊಟ್ಟವರಿಗೆ 7 ವರ್ಷದವರೆಗೆ ಶಿಕ್ಷೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಆಹಾರದಲ್ಲಿ ತಂಬಾಕು ಸೇರಿಸಬಾರದು ಎಂಬ ಕೇಂದ್ರದ ನಿಯಮ 2011ರಲ್ಲೇ ಬಂತು. ಅದಕ್ಕೇ ಈಗ ಮಸಾಲೆ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು, ಕಲಸಿಕೊಳ್ಳುವುದು ನಿಮ್ಮ ಕೈಯಲ್ಲಿ. ನನ್ನ ಅಭಿಪ್ರಾಯ ಕೇಳಿದರೆ, ಕಾಯಿದೆಗಿಂತ ದೊಡ್ಡದು ಆ ಅಂಗಡಿಗೆ ಹೋಗುವ ಚಿಕ್ಕ ಕಾಲುಗಳನ್ನು ನಿಲ್ಲಿಸುವುದು. ಅದಕ್ಕೆ ಪೊಲೀಸರು ಬೇಕಿಲ್ಲ.

ಹೊಡೆಯಬೇಡಿ. ಹೊಡೆದರೆ ಅಭ್ಯಾಸ ಹೋಗುವುದಿಲ್ಲ, ಹೇಳಿಕೊಳ್ಳುವುದು ಹೋಗುತ್ತದೆ. ಎದುರಿಗೆ ನಿಲ್ಲಿಸಿ ವಿಚಾರಣೆ ಮಾಡುವುದಕ್ಕಿಂತ, ಶೇಂಗಾ ಬಿಡಿಸುವಾಗಲೋ ಎಮ್ಮೆ ಹೊಡೆದುಕೊಂಡು ಬರುವಾಗಲೋ ಪಕ್ಕದಲ್ಲಿ ನಡೆಯುತ್ತಾ ಕೇಳಿ. "ಹಾಕ್ತೀಯಾ ಇಲ್ವಾ?" ಅಂದರೆ "ಇಲ್ಲ" ಅನ್ನುತ್ತಾನೆ. "ಯಾವಾಗ ಹಾಕ್ಬೇಕು ಅನ್ಸುತ್ತೆ? ಯಾರು ಜೊತೆಗಿರ್ತಾರೆ?" ಅಂದರೆ ಮಾತು ಬರುತ್ತದೆ. ಮಗ ಸಂಜೆ ಎಲ್ಲಿರುತ್ತಾನೆ, ಯಾರ ಜೊತೆ, ಯಾವಾಗ ಬರುತ್ತಾನೆ ಅನ್ನುವುದು ಗೊತ್ತಿರುವ ಮನೆಗಳಲ್ಲಿ ಮಕ್ಕಳು ಈ ದಾರಿ ಹಿಡಿಯುವುದು ಕಡಿಮೆ ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. ಇದು ಗೂಢಚಾರಿಕೆ ಅಲ್ಲ. ರಾತ್ರಿ ಊಟಕ್ಕೆ ಒಟ್ಟಿಗೆ ಕೂತರೆ ಅರ್ಧ ಗೊತ್ತಾಗುತ್ತದೆ. ಕೂತಾಗ ಸಾರು ಬೇಡ ಅಂದರೆ, ಬಾಯಿ ನೋಡಿ.

ಬಿಡುವ ಮೊದಲ ಮೂರು ದಿನ ಕಷ್ಟ. ಸಿಡಿಮಿಡಿ ಮಾಡುತ್ತಾರೆ, ನಿದ್ದೆ ಬಾರದು. ಅದು ಕೊಬ್ಬಲ್ಲ, ಖಾಲಿ ಬೀಗಗಳ ಗಲಾಟೆ. ಎರಡರಿಂದ ನಾಲ್ಕು ವಾರಕ್ಕೆ ಇಳಿಯುತ್ತದೆ. ಬೇಕು ಅನ್ನುವ ತವಕ ಬಂದರೂ ಕೆಲವು ನಿಮಿಷ ತಡೆದರೆ ಹೋಗುತ್ತದೆ. ಆ ಕೆಲವು ನಿಮಿಷಕ್ಕೆ ಜೇಬಿನಲ್ಲಿ ಹುರಿಗಡಲೆಯೋ ಜೀರಿಗೆಯೋ ಇರಲಿ, ಒಂದು ಲೋಟ ನೀರು ಕುಡಿಯಲಿ. ಅಡಿಕೆ ಮಾತ್ರ ಬೇಡ. ನಡುವೆ ಒಂದು ದಿನ ಜಾರಿದರೆ "ಹೋಯ್ತು ಎಲ್ಲಾ" ಅನ್ನಬೇಡಿ, ಮಾರನೇ ದಿನದಿಂದ ಮತ್ತೆ ಎಣಿಸಿ.

ಈಗ ಮತ್ತೆ ನಿಮಗೆ, ಮಕ್ಕಳೇ. ಅಪ್ಪನೇ ಹಾಕುತ್ತಿದ್ದರೆ ಬಿಡಿಸುವ ಹೊಣೆ ನಿಮ್ಮದಲ್ಲ. "ಅಪ್ಪಾ, ಬಾಯಿ ತೆಗಿ, ಸ್ಕೂಲಲ್ಲಿ ಅಳತೆ ಬರ್ಕೊಂಡು ಬಾ ಅಂದಿದ್ದಾರೆ" ಅನ್ನಿ, ಸಾಕು. ನೀವೇ ಹಾಕುತ್ತಿದ್ದರೆ, ಅಮ್ಮ, ಅಜ್ಜಿ, ಮಾವ, ಯಾರಿಗೆ ಹೇಳಿದರೆ ಮೊದಲು ಕಿವಿಗೊಡುತ್ತಾರೋ ಅವರಿಗೆ ಹೇಳಿ. "ನಾನು ಬಿಡ್ಬೇಕು ಅಂತಿದ್ದೀನಿ, ಆಗ್ತಿಲ್ಲ" ಅನ್ನುವ ಒಂದೇ ಮಾತು ಸಾಕು. ಮನೆಯಲ್ಲಿ ಯಾರಿಗೂ ಹೇಳಲಾಗದಿದ್ದರೆ ನಿಮ್ಮ ಸಾರ್‌ಗೋ ಮೇಡಮ್‌ಗೋ. ಅದೂ ಆಗದಿದ್ದರೆ ಫೋನು: ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 1800-11-2356, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098. ಮೂರಕ್ಕೂ ದುಡ್ಡಿಲ್ಲ. ತಂಬಾಕಿನ ಸಹಾಯವಾಣಿಯ ದಕ್ಷಿಣದ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ, ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡುತ್ತಾರೆ.

ಆ ಹುಡುಗನನ್ನು ಅವನ ಸೋದರಮಾವ ಬಳ್ಳಾರಿಗೆ ಕರೆದುಕೊಂಡು ಹೋಗಿ ಹಲ್ಲಿನ ಡಾಕ್ಟರಿಗೆ ತೋರಿಸಿದರು. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಹಲ್ಲಿನ ನಡುವೆ ಸೇರಿಸುತ್ತಾ ಬಾಯಿ ಹಿಗ್ಗಿಸುವ ವ್ಯಾಯಾಮ ಹೇಳಿಕೊಟ್ಟರು. ಬಿಡುವುದಕ್ಕೆ ಅವನಿಗೆ ನಾಲ್ಕು ತಿಂಗಳು ಹಿಡಿಯಿತು, ಎರಡು ಸಲ ಜಾರಿದ. ಈಗ ಜೀನ್ಸ್ ಹೊಲಿಯುತ್ತಾನೆ. ಹೋದ ಹಬ್ಬಕ್ಕೆ ಬಂದಾಗ ಕೇಳದೆಯೇ ಬಾಯಿ ತೆಗೆದು ತೋರಿಸಿದ. ಎರಡು ಬೆರಳು, ಮೇಲೆ ಒಂದಿಷ್ಟು.

ನಿಮ್ಮ ಮನೆಯಲ್ಲಿ ಎಷ್ಟು ಜನ ಇದ್ದಾರೋ ಅಷ್ಟೂ ಜನರ ಅಳತೆ ತೆಗೆಯಿರಿ. ಪ್ರತಿಯೊಬ್ಬರೂ ತಮ್ಮ ತಮ್ಮ ಬೆರಳಲ್ಲೇ ಅಳೆಯಬೇಕು. ನೋಟ್‌ಬುಕ್ಕಿನಲ್ಲಿ ತಾರೀಖು, ವಯಸ್ಸು, ಎಷ್ಟು ಬೆರಳು ಅಂತ ಬರೆದಿಡಿ, ಹೆಸರು ಬರೆಯುವುದು ಬೇಡ. ಮೂರಕ್ಕಿಂತ ಕಡಿಮೆ ಬಂದರೆ ಹೆದರಬೇಡಿ, ದವಡೆ ನೋವಿಗೂ ಹಲ್ಲಿನ ಬಾವಿಗೂ ಹಾಗಾಗಬಹುದು. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ಸಲ ತೋರಿಸಿ. ಆರು ತಿಂಗಳು ಬಿಟ್ಟು ಅದೇ ನೋಟ್‌ಬುಕ್ಕು ತೆಗೆದು ಮತ್ತೆ ಅಳೆಯಿರಿ.